ಅಪ್‌ಡೇಟ್ ಕೊಡಬೇಕಾ ಬೇಡ್ವಾ? ಅಂಗಡಿ ಕಂಪ್ಯೂಟರ್‌ನ ತೂತು ಮುಚ್ಚುವ ಕ್ರಮ

"ಅಪ್‌ಡೇಟ್ ಬಂದಿದೆ, ಕೊಡಲಾ ಬೇಡ್ವಾ?" ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ಬರದ ದಿನ ಇಲ್ಲ. ಮಂಡಿಪೇಟೆ ಅಂಗಡಿಯವರು ಕೇಳುತ್ತಾರೆ, ಲೆಕ್ಕ ಬರೆಯುವವರು ಕೇಳುತ್ತಾರೆ, ಲಗ್ನಪತ್ರಿಕೆ ಡಿಟಿಪಿ ಮಾಡುವವರು ಕೇಳುತ್ತಾರೆ. ಎಲ್ಲರಿಗೂ ಫೋನ್‌ನಲ್ಲಿ ಅರ್ಧರ್ಧ ಹೇಳಿ ಅದು ಅರ್ಥವಾಗದೆ ಉಳಿಯುವುದಕ್ಕಿಂತ, ಪೂರ್ತಿ ಒಂದು ಕಡೆ ಬರೆದುಬಿಡೋಣ ಅಂತ ಕೂತಿದ್ದೇನೆ.

ಉತ್ತರ ಮೊದಲೇ ಹೇಳುತ್ತೇನೆ. ಕೊಡಿ, ಬೇಗ ಕೊಡಿ. ಆದರೆ "ಬಂದಿದೆ" ಅಂತ ತಾನಾಗಿ ಹೇಳುವ ಅಪ್‌ಡೇಟ್‌ಗಿಂತ, ಏನೂ ಹೇಳದೆ ಸುಮ್ನೆ ಕೂತಿರುವ ಸಾಫ್ಟ್‌ವೇರ್ ಕಡೆಗೆ ಜಾಸ್ತಿ ಗಮನ ಕೊಡಿ. ಅಪಾಯ ಅಲ್ಲೇ ಹೆಚ್ಚು.

ಬೇಗ ಯಾಕೆ?

ಸಾಫ್ಟ್‌ವೇರ್‌ನಲ್ಲಿ ಒಂದು ತಪ್ಪು ಇರುತ್ತದೆ. ಅದನ್ನು ಹಿಡಿದುಕೊಂಡು ಹೊರಗಿನವರು ಒಳಗೆ ನುಗ್ಗಬಹುದು ಅಂತಾದರೆ ಅದು ಸೆಕ್ಯುರಿಟಿ ಲೋಪ. ಅದನ್ನು ಮುಚ್ಚಲು ಕಂಪನಿ ಕೊಡುವ ತೇಪೆಗೆ ಪ್ಯಾಚ್ ಅನ್ನುತ್ತಾರೆ. ಪ್ಯಾಚ್ ಬಂದ ದಿನವೇ ಲೋಪ ಎಲ್ಲಿದೆ ಅನ್ನುವುದು ಕಳ್ಳರಿಗೂ ತಿಳಿಯುತ್ತದೆ. ಹಳೇ ಫೈಲ್, ಹೊಸ ಫೈಲ್ ಎರಡನ್ನೂ ಪಕ್ಕದಲ್ಲಿಟ್ಟು ಏನು ಬದಲಾಯಿತು ಅಂತ ನೋಡಿದರೆ ಆಯಿತು, ತೂತು ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಆಮೇಲೆ ಅವರು ಹುಡುಕುವುದು ಇನ್ನೂ ಪ್ಯಾಚ್ ಹಾಕದವರನ್ನು.

2017ರ ಮೇ 12ರಂದು ಶುರುವಾದ ವನ್ನಾಕ್ರೈ ನೆನಪಿದೆ ಅಲ್ವಾ? ಕಂಪ್ಯೂಟರ್‌ನ ಎಲ್ಲಾ ಫೈಲ್‌ಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗೆ ಹೊಡೆಯಿತು. ಅದು ಬಳಸಿಕೊಂಡ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಪ್ಯಾಚ್ ಕೊಟ್ಟಿತ್ತು. ಮಧ್ಯೆ ಎರಡು ತಿಂಗಳು ಸಮಯ ಇತ್ತು. ಹಾಕಿಕೊಂಡವರು ಉಳಿದರು.

ಕಂಪನಿಗೆ ಗೊತ್ತಾಗುವ ಮೊದಲೇ ಕಳ್ಳರು ಬಳಸುತ್ತಿರುವ ಲೋಪಗಳೂ ಇವೆ. ಅವಕ್ಕೆ ಝೀರೋ ಡೇ ಅಂತ ಹೆಸರು, ಅಂದರೆ ಸರಿಪಡಿಸಲು ಒಂದು ದಿನವೂ ಸಿಕ್ಕಿರಲಿಲ್ಲ ಅಂತ. ಇಂಥದ್ದಕ್ಕೆ ಪ್ಯಾಚ್ ಬಂದರೆ ಅವತ್ತೇ ಹಾಕಿ, ಭಾನುವಾರಕ್ಕೆ ಕಾಯಬೇಡಿ.

ಸುದ್ದಿಯಲ್ಲಿ ಸಿವಿಇ-2025-8088 ಅಂತೆಲ್ಲ ಕಾಣುತ್ತೀರಿ. ಹೆದರಬೇಡಿ, ಅದು ಲೋಪದ ನೋಂದಣಿ ಸಂಖ್ಯೆ ಅಷ್ಟೇ. ಸಿವಿಇ ಆದಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ.

ಮೊದಲು ಏನೇನು ಬೇಕು

ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್. ಬ್ಯಾಟರಿ ಸರಿಯಿರುವ ಯುಪಿಎಸ್. ಸ್ವಲ್ಪ ವೇಗದ ಇಂಟರ್ನೆಟ್. ಒಂದು ನೋಟ್‌ಬುಕ್, ಪೆನ್ನು. ಗಿರಾಕಿ ಇಲ್ಲದ ಎರಡು ಗಂಟೆ.

1. ಏನೇನು ಇದೆ ಅಂತ ಬರೆದುಕೊಳ್ಳಿ

ನಿಜವಾಗಿ ಕಾಗದದ ಮೇಲೆ ಬರೆಯಿರಿ. ವಿಂಡೋಸ್ ಯಾವುದು, ಕ್ರೋಮ್ ಇದೆಯಾ, ಆಫೀಸ್ ಯಾವ ವರ್ಷದ್ದು, ವಿನ್‌ರಾರ್, ಪಿಡಿಎಫ್ ರೀಡರ್, ಟ್ಯಾಲಿ, ನುಡಿ, ಪ್ರಿಂಟರ್ ಸಾಫ್ಟ್‌ವೇರ್. ಪ್ರತಿಯೊಂದರ ಮುಂದೆ ವರ್ಶನ್ ನಂಬರ್ ಹಾಕಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಹೆಚ್ಚಿನವುಗಳ ನಂಬರ್ ಸಿಗುತ್ತದೆ. ಈ ಪಟ್ಟಿ ನೋಡುವಾಗ ಒಂದು ಲಾಭ ಇದೆ: ವರ್ಷಗಟ್ಟಲೆ ತೆರೆಯದ ನಾಲ್ಕೈದು ಸಾಫ್ಟ್‌ವೇರ್ ಕಣ್ಣಿಗೆ ಬೀಳುತ್ತವೆ. ಅವನ್ನು ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿ. ಇಲ್ಲದ ಸಾಫ್ಟ್‌ವೇರ್‌ಗೆ ಪ್ಯಾಚ್ ಬೇಕಿಲ್ಲ.

2. ಬ್ಯಾಕಪ್

ಅಪ್‌ಡೇಟ್‌ನಿಂದ ತೊಂದರೆ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಿಮ್ಮ ಭಯಕ್ಕೆ ಕಾರಣ ಇದೆ. ಅದಕ್ಕೆ ಉಪಾಯ ಬ್ಯಾಕಪ್, ಅಪ್‌ಡೇಟ್ ನಿಲ್ಲಿಸುವುದಲ್ಲ.

ಟ್ಯಾಲಿಯಲ್ಲಿ ಅದರ ಬ್ಯಾಕಪ್ ಆಯ್ಕೆಯಿಂದಲೇ ಬ್ಯಾಕಪ್ ತೆಗೆಯಿರಿ. ಡಿಟಿಪಿಯವರು ಕೆಲಸದ ಫೈಲ್ ಜೊತೆ ಕನ್ನಡ ಫಾಂಟ್‌ಗಳನ್ನೂ, ನುಡಿ ಇನ್‌ಸ್ಟಾಲ್ ಮಾಡುವ ಫೈಲನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಕಾಪಿ ಆದಮೇಲೆ ಒಂದು ಫೈಲ್ ತೆರೆದು ನೋಡಿ, ಆಮೇಲೆ ಹಾರ್ಡ್‌ಡಿಸ್ಕ್ ಕಿತ್ತು ಡ್ರಾಯರ್‌ನಲ್ಲಿ ಇಡಿ. ಸದಾ ಸಿಕ್ಕಿಸಿಯೇ ಇದ್ದರೆ ವೈರಸ್ ಬಂದ ದಿನ ಬ್ಯಾಕಪ್‌ಗೂ ಬೀಗ ಬೀಳುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

3. ವಿನ್‌ರಾರ್: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ನಮ್ಮೂರಿನ ಅಂಗಡಿ, ಆಫೀಸ್ ಕಂಪ್ಯೂಟರ್‌ಗಳಲ್ಲಿ ನಾನು ನೋಡಿದ ಮಟ್ಟಿಗೆ ವಿನ್‌ರಾರ್ ಇಲ್ಲದ್ದು ಕಡಿಮೆ. ಹಲವು ಫೈಲ್‌ಗಳನ್ನು ಜಿಪ್, ರಾರ್ ಅನ್ನುವ ಒಂದೇ ಕಟ್ಟಾಗಿ ಕಟ್ಟಲು, ಬಿಚ್ಚಲು ಬಳಸುವ ಸಾಫ್ಟ್‌ವೇರ್ ಅದು. ಮೂರು ಪುಸ್ತಕ ಒಂದರ ಮೇಲೊಂದಿಟ್ಟು ಬೆಲ್ಟ್ ಕಟ್ಟಿದ ಹಾಗಿರುವ ಐಕಾನ್. ಕಂಪ್ಯೂಟರ್ ಕೊಂಡ ದಿನ ಯಾರೋ ಹಾಕಿಕೊಟ್ಟಿರುತ್ತಾರೆ, ಆಮೇಲೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಕಾರಣ ಇಷ್ಟೇ, ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ನಾವೇ ಹೋಗಿ ಹೊಸದು ತಂದು ಹಾಕಬೇಕು.

2025ರ ಜುಲೈನಲ್ಲಿ ಇಸೆಟ್ ಅನ್ನುವ ಆಂಟಿವೈರಸ್ ಕಂಪನಿಯವರು ಅದರಲ್ಲಿ ಒಂದು ಲೋಪ ಹಿಡಿದರು. ಮೇಲೆ ಹೇಳಿದ 8088 ಇದೇ. ಕಳ್ಳರು ಆಗಲೇ ಬಳಸುತ್ತಿದ್ದರು, ಹಾಗಾಗಿ ಝೀರೋ ಡೇ. ವಿನ್‌ರಾರ್‌ನವರು ಜುಲೈ 30ಕ್ಕೆ 7.13 ವರ್ಶನ್‌ನಲ್ಲಿ ಅದನ್ನು ಮುಚ್ಚಿದರು.

ಅದು ಕೆಲಸ ಮಾಡುವ ರೀತಿ ತಿಳಿದುಕೊಂಡರೆ ಒಳ್ಳೆಯದು. ಎಪಿಎಂಸಿಯಲ್ಲಿ ಲಾರಿ ಬಂದಿದೆ ಅಂತಿಟ್ಟುಕೊಳ್ಳಿ. "ಎಲ್ಲಾ ಚೀಲ ಈ ಗೋಡೌನ್‌ಗೆ ಇಳಿಸಿ" ಅಂತ ಹಮಾಲರಿಗೆ ಹೇಳಿದ್ದೀರಿ. ಒಂದು ಚೀಲದ ಮೇಲೆ ಕಳಿಸಿದವನು ಸಣ್ಣ ಚೀಟಿ ಅಂಟಿಸಿದ್ದಾನೆ, "ಇದನ್ನು ಮಾಲೀಕರ ಮನೆ ಒಳಗಿಡಿ" ಅಂತ. ನಿಮ್ಮ ಮಾತು ಬಿಟ್ಟು ಚೀಟಿಯ ಮಾತು ಕೇಳಿ ಅದನ್ನು ಮನೆಗೆ ಒಯ್ದರೆ ಹೇಗೋ, ಹಳೇ ವಿನ್‌ರಾರ್ ಮಾಡುತ್ತಿದ್ದದ್ದೂ ಹಾಗೆ. ನೀವು ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ತೋರಿಸಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಕಟ್ಟು ಬಿಚ್ಚು, ಅನ್ನುತ್ತೀರಿ. ಕಣ್ಣಿಗೆ ಕಾಣುವ ಫೈಲ್ ಅಲ್ಲೇ ಬರುತ್ತದೆ. ಅದರ ಹಿಂದೆ ಅಡಗಿಸಿಟ್ಟ ಇನ್ನೊಂದು ಫೈಲ್ ಮಾತ್ರ ವಿಂಡೋಸ್‌ನ ಸ್ಟಾರ್ಟ್‌ಅಪ್ ಫೋಲ್ಡರ್‌ಗೆ ಹೋಗಿ ಕೂರುತ್ತದೆ. ನೀವು ಲಾಗಿನ್ ಆದಾಗೆಲ್ಲ ತಾನಾಗಿ ಓಡುವ ಫೈಲ್‌ಗಳು ಇರುವ ಜಾಗ ಅದು. ಮಾರನೇ ದಿನ ಬೆಳಿಗ್ಗೆ ನೀವು ಸಿಸ್ಟಮ್ ಆನ್ ಮಾಡುತ್ತೀರಿ, ಅದು ಶುರುವಾಗುತ್ತದೆ. ಇದನ್ನು ಬಳಸಿದವರು ಕೆಲಸ ಕೇಳಿ ಬಂದ ಅರ್ಜಿಯ ಹಾಗೆ ಕಾಣುವ ಮೇಲ್ ಕಳಿಸಿ, ಅದಕ್ಕೆ ರಾರ್ ಫೈಲ್ ಲಗತ್ತಿಸಿದ್ದರು. ಅಂಗಡಿಗೆ ಹುಡುಗರು ಬೇಕು ಅಂತ ಬೋರ್ಡ್ ಹಾಕಿದವರು ಇಂಥ ಫೈಲ್ ತೆರೆಯದೆ ಇರುತ್ತಾರಾ?

ಇದು ಮೊದಲನೇ ಸಲವೂ ಅಲ್ಲ. 2023ರಲ್ಲಿ ಇನ್ನೊಂದು ಲೋಪ ಬಂದು, ಆಗಸ್ಟ್‌ನಲ್ಲಿ 6.23 ವರ್ಶನ್‌ನಲ್ಲಿ ಮುಚ್ಚಿದ್ದರು. ಅದರಲ್ಲಿ ಜಿಪ್ ಒಳಗಿನ ಫೋಟೋ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಅದೇ ಹೆಸರಿನ ಫೋಲ್ಡರ್‌ನೊಳಗೆ ಅಡಗಿದ್ದ ಪ್ರೋಗ್ರಾಮ್ ಓಡುತ್ತಿತ್ತು.

ಮಾಡಬೇಕಾದ್ದು:

ವಿನ್‌ರಾರ್ ತೆರೆದು ಹೆಲ್ಪ್ ಮೆನುವಿನಲ್ಲಿ ಅಬೌಟ್ ವಿನ್‌ರಾರ್ ಒತ್ತಿ. ನಂಬರ್ 7.13ಕ್ಕಿಂತ ಕಡಿಮೆ ಇದ್ದರೆ ಬದಲಿಸಬೇಕು. ವಿನ್‌ರಾರ್ ಮಾಡುವ ರಾರ್‌ಲ್ಯಾಬ್ ಅವರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಜಾಹೀರಾತು ಒತ್ತಬೇಡಿ. ಹಳೆಯದನ್ನು ತೆಗೆಯುವುದು ಬೇಡ, ಅದರ ಮೇಲೇ ಹೊಸದನ್ನು ಹಾಕಬಹುದು.

ಇದೇ ಕೆಲಸಕ್ಕೆ ಸೆವೆನ್‌ಜಿಪ್ ಬಳಸುವವರೂ ಸುಮ್ಮನಿರಬೇಡಿ. ಅದೂ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಅದರಲ್ಲೂ 2025ರಲ್ಲಿ ಲೋಪಗಳು ಬಯಲಾದವು. 25.01 ಅಥವಾ ಅದಕ್ಕಿಂತ ಹೊಸದು ಇರಲಿ.

ಬರೀ ಜಿಪ್ ಫೈಲ್ ತೆರೆಯುವವರಿಗೆ ಇವೆರಡೂ ಬೇಕಿಲ್ಲ. ವಿಂಡೋಸ್ ತಾನೇ ಜಿಪ್ ತೆರೆಯುತ್ತದೆ, ವಿಂಡೋಸ್ 11ರ ಈಚಿನ ವರ್ಶನ್‌ಗಳು ರಾರ್ ಕೂಡ ತೆರೆಯುತ್ತವೆ. ಹಾಗಿದ್ದರೆ ವಿನ್‌ರಾರ್ ತೆಗೆದುಬಿಡುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಕೊನೆಗೆ ಒಂದು ಪರೀಕ್ಷೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಸಣ್ಣ ಚೌಕದಲ್ಲಿ ಶೆಲ್, ಕೋಲನ್, ಸ್ಟಾರ್ಟ್‌ಅಪ್ ಅಂತ ಮಧ್ಯೆ ಜಾಗ ಬಿಡದೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಮೇಲೆ ಹೇಳಿದ ಫೋಲ್ಡರ್ ತೆರೆಯುತ್ತದೆ. ಖಾಲಿ ಇದ್ದರೆ ಒಳ್ಳೆಯದು. ನಿಮಗೆ ಗೊತ್ತಿಲ್ಲದ ಶಾರ್ಟ್‌ಕಟ್ ಇದ್ದರೆ ಡಬಲ್ ಕ್ಲಿಕ್ ಮಾಡಿ ನೋಡಲು ಹೋಗಬೇಡಿ. ನೆಟ್ ಕಿತ್ತು, ಗೊತ್ತಿರುವವರಿಗೆ ತೋರಿಸಿ.

4. ಬ್ರೌಸರ್

ಕ್ರೋಮ್ ಅಪ್‌ಡೇಟನ್ನು ತಾನೇ ಇಳಿಸಿಕೊಳ್ಳುತ್ತದೆ, ಆದರೆ ಮುಚ್ಚಿ ತೆರೆಯುವವರೆಗೆ ಅದು ಜಾರಿಗೆ ಬರುವುದಿಲ್ಲ. ಜಿಎಸ್‌ಟಿ, ಬ್ಯಾಂಕ್, ವಾಟ್ಸಾಪ್ ಅಂತ ಮೂವತ್ತು ಟ್ಯಾಬ್ ತೆರೆದಿಟ್ಟು ವಾರಗಟ್ಟಲೆ ಮುಚ್ಚದವರು ಬಹಳ ಜನ. ಮೂರು ಚುಕ್ಕೆ ಒತ್ತಿ, ಹೆಲ್ಪ್, ಅಲ್ಲಿಂದ ಅಬೌಟ್ ಗೂಗಲ್ ಕ್ರೋಮ್. ಅದು ಹುಡುಕಿ ಇಳಿಸಿಕೊಂಡ ಮೇಲೆ ರೀಲಾಂಚ್ ಅಂತ ಬರುತ್ತದೆ, ಒತ್ತಿ. ಎಡ್ಜ್, ಫೈರ್‌ಫಾಕ್ಸ್‌ಗೂ ಇದೇ ದಾರಿ.

2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಅನ್ನುವ ಚಿತ್ರದ ಫೈಲ್ ತೆರೆಯುವ ಭಾಗದಲ್ಲೇ ಲೋಪ ಸಿಕ್ಕಿತ್ತು. ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ಅವಸರದಲ್ಲಿ ಪ್ಯಾಚ್ ಬಿಟ್ಟರು. "ನಾನು ಏನೂ ಡೌನ್‌ಲೋಡ್ ಮಾಡಲ್ಲ, ನನಗೇನಾಗುತ್ತೆ" ಅನ್ನುವವರು ಇದನ್ನು ಯೋಚಿಸಬೇಕು. ಒಂದು ಪುಟ ತೆರೆದರೆ ಚಿತ್ರಗಳು ತಾವಾಗಿ ಬರುತ್ತವೆ.

ಎಚ್ಚರಿಕೆ: ಯಾವುದೋ ವೆಬ್‌ಸೈಟ್ ನೋಡುವಾಗ ಪುಟದ ಮಧ್ಯೆ "ನಿಮ್ಮ ಕ್ರೋಮ್ ಹಳೆಯದಾಗಿದೆ, ಇಲ್ಲಿ ಒತ್ತಿ" ಅಂತ ಬಂದರೆ ಅದು ಮೋಸ. ಅಪ್‌ಡೇಟ್ ಮೆನುವಿನಿಂದ ಮಾತ್ರ.

5. ವಿಂಡೋಸ್

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್‌ಗಳನ್ನು ಒಟ್ಟಿಗೆ ಬಿಡುತ್ತದೆ. ನಮಗೆ ಆಗ ರಾತ್ರಿ ಹತ್ತೂವರೆ, ಹನ್ನೊಂದೂವರೆ ಆಗಿರುತ್ತದೆ, ಹಾಗಾಗಿ ಬುಧವಾರ ಅಂಗಡಿ ತೆಗೆದಾಗ ಬಂದಿರುತ್ತದೆ. ಎರಡನೇ ಮಂಗಳವಾರ ಅಂದರೆ 8ರಿಂದ 14ನೇ ತಾರೀಕಿನ ಒಳಗೆ. ಪ್ರತಿ ತಿಂಗಳು ಜಿಎಸ್‌ಟಿಆರ್-1 (ಮಾರಾಟದ ವಿವರ) ಸಲ್ಲಿಸುವವರಿಗೆ 11ನೇ ತಾರೀಕು ಕಡೇ ದಿನ. ಅದಕ್ಕೇ ಲೆಕ್ಕದವರೆಲ್ಲ ಅಪ್‌ಡೇಟ್ ಮುಂದೂಡುತ್ತಾರೆ, ಆಮೇಲೆ 20ನೇ ತಾರೀಕಿನ ಜಿಎಸ್‌ಟಿಆರ್-3ಬಿ ರಿಟರ್ನ್ ಬರುತ್ತದೆ, ಹಾಗೇ ತಿಂಗಳು ಕಳೆಯುತ್ತದೆ. ನಾನು ಹೇಳುವುದು ಇಷ್ಟು: 11 ದಾಟಿದ ಮೇಲೆ ಬರುವ ಮೊದಲ ರಜೆಯನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅವತ್ತು ಬೇರೆ ಕೆಲಸ ಬೇಡ. ಝೀರೋ ಡೇ ಸುದ್ದಿ ಇದ್ದ ತಿಂಗಳು ಮಾತ್ರ ಆ ಬುಧವಾರ ಸಂಜೆಯೇ ಕೊಟ್ಟುಬಿಡಿ.

ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ. ಮುಗಿದ ಮೇಲೆ ರೀಸ್ಟಾರ್ಟ್ ಕೊಡಿ. ಮಾಮೂಲಿ ಶಟ್‌ಡೌನ್ ಸಾಲದು, ಏಕೆಂದರೆ ಫಾಸ್ಟ್ ಸ್ಟಾರ್ಟ್‌ಅಪ್ ಇದ್ದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ. "ದಿನಾ ಆಫ್ ಮಾಡ್ತೀನಲ್ಲ" ಅನ್ನುವವರ ಸಿಸ್ಟಮ್‌ನಲ್ಲೂ ಪ್ಯಾಚ್ ಅರ್ಧಕ್ಕೆ ನಿಂತಿರುವುದನ್ನು ನೋಡಿದ್ದೇನೆ. ಮತ್ತೆ ಚೆಕ್ ಮಾಡಿ, ಏನೂ ಬಾಕಿ ಇಲ್ಲ ಅಂತ ಬರುವವರೆಗೆ. ಮಧ್ಯೆ ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಮೊದಲೇ ತಿಳಿದಿರಲಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಕೊಂಡೇ ಕೂರಿ.

ಈಗ ದೊಡ್ಡ ಪ್ರಶ್ನೆ, ವಿಂಡೋಸ್ 10. ಅದಕ್ಕೆ ಮಾಮೂಲಿ ಪ್ಯಾಚ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕಂಪ್ಯೂಟರ್ ಓಡುತ್ತದೆ, ಆದರೆ ಹೊಸದಾಗಿ ಕಂಡ ತೂತುಗಳು ತೆರೆದೇ ಉಳಿಯುತ್ತವೆ. ದಾರಿ ಎರಡು.

ಒಂದು, ವಿಂಡೋಸ್ 11. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಅನ್ನುವ ಸಣ್ಣ ಸಾಫ್ಟ್‌ವೇರ್ ಹಾಕಿ ನೋಡಿ, ನಿಮ್ಮ ಸಿಸ್ಟಮ್‌ಗೆ ಆಗುತ್ತದೋ ಇಲ್ಲವೋ ಅಂತ ಅದೇ ಹೇಳುತ್ತದೆ. ಇಂಟೆಲ್ ಆದರೆ ಸುಮಾರಾಗಿ ಎಂಟನೇ ಜನರೇಶನ್ ಅಥವಾ ಮೇಲಿನದು ಬೇಕು, ಟಿಪಿಎಂ 2.0 ಬೇಕು. ಟಿಪಿಎಂ ಅಂದರೆ ಗುಪ್ತ ಕೀಗಳನ್ನು ಕಾಪಾಡುವ ಚಿಪ್. ಎಷ್ಟೋ ಸಿಸ್ಟಮ್‌ಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್) ಆಫ್ ಆಗಿರುತ್ತದೆ, ಆನ್ ಮಾಡಿದರೆ ಸಾಕು. ಆಗದ ಸಿಸ್ಟಮ್‌ಗೂ ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ. ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಖಾತ್ರಿಯನ್ನು ಅದಕ್ಕೆ ಮೈಕ್ರೋಸಾಫ್ಟ್ ಕೊಡುವುದಿಲ್ಲ, ಹಾಗಾಗಿ ಲೆಕ್ಕದ ಕಂಪ್ಯೂಟರ್‌ಗೆ ಅದು ಬೇಡ.

ಎರಡು, ಇಎಸ್‌ಯು. ಹಣಕ್ಕೋ ಷರತ್ತಿಗೋ ಕೊಡುವ ಹೆಚ್ಚುವರಿ ಸೆಕ್ಯುರಿಟಿ ಪ್ಯಾಚ್. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಅಂತ ಇದನ್ನು ಶುರುಮಾಡಿದರು. 22ಎಚ್2 ವರ್ಶನ್ ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು. ವಿಂಡೋಸ್ ಬ್ಯಾಕಪ್‌ನಲ್ಲಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಉಚಿತ, ಇಲ್ಲವೆಂದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ನೌ ಅಂತ ಇರುತ್ತದೆ. ಇದು ಕಾಲ ತಳ್ಳುವ ದಾರಿ ಮಾತ್ರ.

"11 ಹಾಕಿದರೆ ನುಡಿ ಹೋಗುತ್ತೆ, ಹಳೇ ಪ್ರಿಂಟರ್ ನಿಲ್ಲುತ್ತೆ" ಅನ್ನುವ ಭಯ ಡಿಟಿಪಿಯವರಿಗೆ ಜಾಸ್ತಿ. ಎಲ್ಲಾ ಸಿಸ್ಟಮ್‌ಗೂ ಒಂದೇ ದಿನ ಹಾಕಬೇಡಿ. ಒಂದಕ್ಕೆ ಹಾಕಿ ಒಂದು ವಾರ ನಿಜವಾದ ಕೆಲಸ ಮಾಡಿ ನೋಡಿ. ಹಳೇ ಕೆಲಸಕ್ಕೆ ವಿಂಡೋಸ್ 7 ಬೇಕೇ ಬೇಕು ಅನ್ನುವವರು ಆ ಸಿಸ್ಟಮ್‌ನಿಂದ ನೆಟ್ ಕೇಬಲ್ ಕಿತ್ತುಬಿಡಿ. ಅದಕ್ಕೆ ಪ್ಯಾಚ್ 2020ರ ಜನವರಿಯಲ್ಲೇ ನಿಂತಿದೆ, ಕ್ರೋಮ್ ಕೂಡ 109ಕ್ಕೇ ನಿಂತಿದೆ. ಅದರಲ್ಲಿ ಬ್ಯಾಂಕ್ ತೆರೆಯುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಎಡವುವ ಜಾಗ ಇನ್ನೂ ಎರಡು ಇವೆ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಟ್ಟವರು ಎಷ್ಟೋ ಸಲ ಅಪ್‌ಡೇಟ್ ಸರ್ವಿಸನ್ನೇ ಆಫ್ ಮಾಡಿರುತ್ತಾರೆ. ಚೆಕ್ ಒತ್ತಿದ ತಕ್ಷಣ ಎರರ್ ಬಂದರೆ ಈ ಅನುಮಾನ ಇರಲಿ. ಇನ್ನೊಂದು, ಬಿಟ್‌ಲಾಕರ್. ಹಾರ್ಡ್‌ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ ಅದು. ಬಯೋಸ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಅದು ಇದೆಯಾ ಅಂತ ಮೊದಲೇ ನೋಡಿ, ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಿರಿ.

6. ಆಫೀಸ್

ಆಫೀಸ್ 2016, 2019 ಎರಡಕ್ಕೂ ವಿಂಡೋಸ್ 10ಕ್ಕೆ ನಿಂತ ದಿನವೇ ಪ್ಯಾಚ್ ನಿಂತಿತು. 2007, 2010 ಬಳಸುವವರು ಇನ್ನೂ ಇದ್ದೀರಿ. ಆಫೀಸ್‌ನ ಈಕ್ವೇಶನ್ ಎಡಿಟರ್‌ನಲ್ಲಿ 2017ರ ನವೆಂಬರ್‌ನಲ್ಲಿ ಮುಚ್ಚಿದ ಒಂದು ಲೋಪವನ್ನು ಕಳ್ಳರು ಆಮೇಲೂ ವರ್ಷಗಟ್ಟಲೆ ಬಳಸಿದರು, ವರ್ಡ್ ಫೈಲ್ ತೆರೆದರೆ ಸಾಕಿತ್ತು. ಹೊಸದು ಕೊಳ್ಳಲು ಆಗದಿದ್ದರೆ ಲಿಬ್ರೆ ಆಫೀಸ್ ಉಚಿತ. ಪತ್ರ, ಪಟ್ಟಿ, ಬಿಲ್ಲಿಗೆ ಅದು ಸಾಕು.

7. ಫೋನ್

ಯುಪಿಐ ಇರುವುದು ಫೋನ್‌ನಲ್ಲಿ, ಆದರೆ ಇದನ್ನೇ ಎಲ್ಲರೂ ಮರೆಯುವುದು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್‌ಗೆ ಹೋಗಿ ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಕು ನೋಡಿ. ಆಂಡ್ರಾಯ್ಡ್ ವರ್ಶನ್ ನಂಬರ್‌ಗಿಂತ ಈ ತಾರೀಕು ಮುಖ್ಯ. ಅದು ಒಂದು ವರ್ಷಕ್ಕಿಂತ ಹಳೆಯದಾಗಿದ್ದು ಹೊಸದೇನೂ ಬರುತ್ತಿಲ್ಲ ಅಂದರೆ, ಬ್ಯಾಂಕ್ ಕೆಲಸಕ್ಕೆ ಆ ಫೋನ್ ಬೇಡ.

ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಮುಟ್ಟಬೇಡಿ. ಎಪಿಕೆ ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್. ಮದುವೆ ಕರೆಯೋಲೆ, ಆರ್‌ಟಿಒ ಚಲನ್ ಅಂತ ಹೆಸರಿಟ್ಟು ಕಳಿಸುತ್ತಾರೆ. ಗೊತ್ತಿರುವವರ ನಂಬರ್‌ನಿಂದಲೇ ಬಂದಿದ್ದರೂ ಬೇಡ, ಅವರ ಫೋನ್ ಆಗಲೇ ಕಳ್ಳರ ಕೈಯಲ್ಲಿ ಇರಬಹುದು. ಅವರಿಗೆ ಕರೆ ಮಾಡಿ ಹೇಳಿ.

8. ವೈಫೈ ರೌಟರ್

ಇದರೊಳಗಿನ ಸಾಫ್ಟ್‌ವೇರ್‌ಗೆ ಫರ್ಮ್‌ವೇರ್ ಅಂತಾರೆ. ರೌಟರ್ ಹಿಂದಿನ ಸ್ಟಿಕ್ಕರ್‌ನಲ್ಲಿ ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.0.1 ಅಥವಾ 192.168.1.1. ಒಳಗೆ ಹೋಗಿ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ, ಆಮೇಲೆ ಫರ್ಮ್‌ವೇರ್ ಅಪ್‌ಡೇಟ್ ಕೊಡಿ. ಮಧ್ಯದಲ್ಲಿ ಕರೆಂಟ್ ಹೋದರೆ ರೌಟರ್ ಸತ್ತೇ ಹೋಗಬಹುದು, ಹಾಗಾಗಿ ಯುಪಿಎಸ್ ಮೇಲೆ ಇಟ್ಟೇ ಮಾಡಿ. ನೆಟ್ ಕಂಪನಿಯವರು ಕೊಟ್ಟ ಡಬ್ಬಿ ಆದರೆ ಅವರನ್ನೇ ಕೇಳಿ.

ಹೊಸ ಲೋಪದ ಸುದ್ದಿ ಬಂದಾಗ

ಪ್ರತಿ ಸುದ್ದಿಗೂ ಓಡಬೇಕಿಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಸಾಫ್ಟ್‌ವೇರ್ ನನ್ನ ಪಟ್ಟಿಯಲ್ಲಿ ಇದೆಯಾ? ಯಾವ ವರ್ಶನ್‌ನಲ್ಲಿ ಸರಿಯಾಯಿತು? ಆಗಲೇ ಯಾರಾದರೂ ಬಳಸುತ್ತಿದ್ದಾರಾ? 2024ರ ಮಾರ್ಚ್‌ನಲ್ಲಿ ಲಿನಕ್ಸ್‌ನ (ವಿಂಡೋಸ್ ಬದಲು ಬಳಸುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಎಕ್ಸ್‌ಝಡ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಯಾರೋ ಬೇಕೆಂತಲೇ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್ ಬೆನ್ನು ಹತ್ತಿ ಹಿಡಿದದ್ದು, ಅಂಥವರ ಬಗ್ಗೆ ನನಗೆ ಬಹಳ ಗೌರವ. ಆದರೆ ವಿಂಡೋಸ್ ಇಟ್ಟುಕೊಂಡ ಅಂಗಡಿಯವರು ಆಗ ಮಾಡಬೇಕಾದ್ದು ಏನೂ ಇರಲಿಲ್ಲ. ಅದೇ ವಿನ್‌ರಾರ್ ಸುದ್ದಿ ಸಣ್ಣದಾಗಿ ಬಂದು ಹೋಯಿತು, ಅದು ಮಾತ್ರ ನೇರವಾಗಿ ನಮ್ಮದು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಇಂಥ ಲೋಪಗಳ ಎಚ್ಚರಿಕೆಗಳನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕುತ್ತದೆ. ಯಾವ ಸಾಫ್ಟ್‌ವೇರ್, ಯಾವ ವರ್ಶನ್ ಅಂತ ಅದರಲ್ಲೇ ಇರುತ್ತದೆ.

ಆಗಲೇ ಏನೋ ಆಗಿದೆ ಅನ್ನಿಸಿದರೆ

ಫೈಲ್ ತೆರೆಯುತ್ತಿಲ್ಲ, ದುಡ್ಡು ಕೇಳುವ ಬರಹ ಬಂದಿದೆ, ಮೌಸ್ ತಾನಾಗಿ ಓಡುತ್ತಿದೆ ಅಂದರೆ ಮೊದಲು ನೆಟ್ ಕೇಬಲ್ ಕಿತ್ತು ವೈಫೈ ಆಫ್ ಮಾಡಿ. ಬ್ಯಾಕಪ್ ಹಾರ್ಡ್‌ಡಿಸ್ಕ್ ಸಿಕ್ಕಿಸಬೇಡಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರ್‌ನಿಂದ ಬದಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ. ಫಾರ್ಮ್ಯಾಟ್ ಮಾಡುವ ಅವಸರ ಬೇಡ. ಪರದೆಯಲ್ಲಿ ಕಂಡದ್ದನ್ನೆಲ್ಲ ಫೋನ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ದೂರು ಕೊಡುವಾಗ ಅದು ಬೇಕಾಗುತ್ತದೆ.